ಅಪ್‌ಡೇಟ್: ಜೊತೆಗೆ ತಿದ್ದಬೇಕಾದ ಫೈಲ್ ಯಾವುದು ಅಂತ ಗಿಟ್ ಹಿಸ್ಟರಿಯೇ ಹೇಳಿತು

ನಮ್ಮ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಕಡೆ ಕೋಡ್ ತಿದ್ದಿದರೆ, ಜೊತೆಗೆ ತಿದ್ದಬೇಕಾದ ಇನ್ನೊಂದು ಫೈಲ್ ಬಿಟ್ಟುಹೋಗುತ್ತದೆ, ಅದನ್ನು ತಾನಾಗಿ ಸೂಚಿಸುವ ಟೂಲ್ ಇದೆಯಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೆಲಸ ಮಾಡಿದ್ದು ಕೋಡ್ ಮಾಟ್ ಎಂಬ ಟೂಲ್. ಅದಕ್ಕೆ ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಲಾಗ್ ಕೊಟ್ಟರೆ, ಪದೇ ಪದೇ ಒಂದೇ ಕಮಿಟ್‌ನಲ್ಲಿ (ಒಟ್ಟಿಗೆ ದಾಖಲಿಸಿದ ಬದಲಾವಣೆಗಳ ಕಂತು) ಬದಲಾದ ಫೈಲ್‌ಗಳನ್ನು ಜೋಡಿ ಜೋಡಿಯಾಗಿ ತೋರಿಸುತ್ತದೆ. ತೆರಿಗೆ ಲೆಕ್ಕದ ಜಾವಾ ಕ್ಲಾಸ್‌ಗೆ ಡೇಟಾಬೇಸ್‌ನ ಒಂದು ಎಸ್‌ಕ್ಯೂಎಲ್ ಸ್ಕ್ರಿಪ್ಟ್ ಜೋಡಿಯಾಗಿ ಬಂತು. ಕಾಲ್ ಗ್ರಾಫ್ (ಯಾವ ಕೋಡ್ ಯಾವುದನ್ನು ಕರೆಯುತ್ತದೆ ಎಂಬ ನಕ್ಷೆ) ನೋಡಿ ಅಂದವರ ಸಲಹೆ ಇಲ್ಲಿ ನಡೆಯಲಿಲ್ಲ. ಇವೆರಡರ ನಡುವೆ ನೇರ ಕರೆಯೇ ಇಲ್ಲ, ಕಾಲ್ ಗ್ರಾಫ್‌ಗೆ ಹೇಗೆ ಗೊತ್ತಾಗಬೇಕು ಅಲ್ವಾ?

ಇಡೀ ಪ್ರಾಜೆಕ್ಟನ್ನು ಫಾರ್ಮ್ಯಾಟ್ ಮಾಡಿದಂಥ (ಕೋಡ್‌ನ ಸಾಲು, ಅಂತರ ಮಾತ್ರ ಸರಿಪಡಿಸಿದ) ದೊಡ್ಡ ಕಮಿಟ್‌ಗಳು ಸುಮ್ನೆ ಸುಳ್ಳು ಜೋಡಿ ಹುಟ್ಟಿಸುತ್ತವೆ. 30ಕ್ಕಿಂತ ಜಾಸ್ತಿ ಫೈಲ್ ಇರುವ ಕಮಿಟನ್ನು ಕೋಡ್ ಮಾಟ್ ತಾನೇ ಬಿಡುತ್ತದೆ, ಆ ಮಿತಿ ಏರಿಸಬೇಡಿ. ನಿಮ್ಮ ತಂಡ ಒಂದೇ ಕೆಲಸವನ್ನು ಚೂರು ಚೂರಾಗಿ ಕಮಿಟ್ ಮಾಡುತ್ತಿದ್ದರೆ, ಒಂದು ದಿನದ್ದನ್ನೆಲ್ಲ ಒಟ್ಟು ಸೇರಿಸುವ ಟೆಂಪೊರಲ್ ಪೀರಿಯಡ್ ಆಯ್ಕೆ ಬಳಸಿ.

ನನಗೆ ಅಚ್ಚರಿಯಾಗಿದ್ದು ಈ ಉಪಾಯದ ವಯಸ್ಸು. 2004ರಲ್ಲೇ ಸಂಶೋಧಕರಾದ ಥಾಮಸ್ ಜಿಮ್ಮರ್‌ಮನ್, ಆಂಡ್ರಿಯಾಸ್ ಜೆಲ್ಲರ್ ಮತ್ತು ಜೊತೆಗಾರರು ಎಕ್ಲಿಪ್ಸ್ ಎಂಬ ಕೋಡ್ ಬರೆಯುವ ಸಾಫ್ಟ್‌ವೇರ್‌ಗೆ ರೋಸ್ ಎಂಬ ಪ್ಲಗಿನ್ ಮಾಡಿ ಇದೇ ಕೆಲಸ ಮಾಡಿಸಿದ್ದರು! ಹೊಸ ಫೈಲ್‌ಗಳಿಗೆ ಮಾತ್ರ ಹಿಸ್ಟರಿ ಇಲ್ಲ, ಹಾಗಾಗಿ ಸಲಹೆಯೂ ಇಲ್ಲ. ಅವನ್ನು ಈಗಲೂ ರಿವ್ಯೂನಲ್ಲೇ (ಸಹೋದ್ಯೋಗಿಗಳು ಕೋಡ್ ಪರಿಶೀಲಿಸುವಾಗ) ನೋಡುತ್ತಿದ್ದೇವೆ.