ಅಪ್‌ಡೇಟ್: ಡೈಪರ್ ಎರಡನೇ ಸಲಕ್ಕೇ ಸೋರುತ್ತಿದ್ದುದು ಇದಕ್ಕೆ

ನಾನು ಕೇಳಿದ್ದು ಇಷ್ಟು: ವಯಸ್ಕರ ಡೈಪರ್ ಮೊದಲ ಸಲ ಚೆನ್ನಾಗಿ ಹೀರಿ, ಎರಡನೇ ಸಲ ತೊಡೆಸಂದಿಯಲ್ಲಿ ಸೋರುವುದೇಕೆ? ಒಳಗೆ ದ್ರವ ಹೀರಿ ಹಿಡಿಯುವ ಜೆಲ್ ಪುಡಿ ಕಡಿಮೆ ಎಂದು ಹಲವರು ಹೇಳಿದಿರಿ. ಅಲ್ಲ, ಪುಡಿ ಅರ್ಧ ಒಣಗಿಯೇ ಇತ್ತು.

ಮೂತ್ರದ ಬದಲಿಗೆ 0.9% ಉಪ್ಪುನೀರನ್ನು 100 ಮಿ.ಲೀ.ನಂತೆ, 10 ನಿಮಿಷ ಬಿಟ್ಟು ಬಿಟ್ಟು, ಒಂದೇ ಜಾಗಕ್ಕೆ ಮೂರು ಸಲ ಸುರಿದೆ. ಎರಡನೆಯದು ಮೇಲೆಯೇ ಹನಿಹನಿಯಾಗಿ ನಿಂತು ಅಂಚಿಗೆ ಜಾರಿತು. ಮೇಲ್ಪದರದ ಸ್ಪನ್‌ಬಾಂಡ್ ಪಾಲಿಪ್ರೊಪಿಲೀನ್‌ಗೆ (ನೇಯದೆ ಎಳೆಗಳನ್ನು ಬೆಸೆದ ಪ್ಲಾಸ್ಟಿಕ್ ಬಟ್ಟೆ) ನೀರು ತಾನಾಗಿ ಅಂಟದು. ನೀರನ್ನು ಅಂಟಿಸುವ ಸರ್ಫ್ಯಾಕ್ಟಂಟ್ (ಸಾಬೂನಿನಂಥ ವಸ್ತು) ಲೇಪ ಮೊದಲ ಸುತ್ತಿಗೇ ತೊಳೆದುಹೋಗಿತ್ತು.

ತೊಳೆದರೂ ಉಳಿಯುವ ಲೇಪದ ಬಟ್ಟೆ, ಅದರಡಿ ಬಿಸಿಗಾಳಿಯಲ್ಲಿ ಬೆಸೆದ 50 ಜಿಎಸ್‌ಎಂ (ಚದರ ಮೀಟರಿಗೆ 50 ಗ್ರಾಂ) ಎಡಿಎಲ್, ಅಂದರೆ ದ್ರವವನ್ನು ಬೇಗ ಒಳಗೆಳೆದು ಹರಡುವ ಪದರ, ಹಾಕಿದ ಮೇಲೆ ಮೂರನೆಯದೂ ಒಳಗಿಳಿಯಿತು. ಆದರೆ ರೋಲ್ ಬಿಗಿಯಾಗಿ ಸುತ್ತಿದ್ದರೆ ಎಡಿಎಲ್‌ನ ಉಬ್ಬು ಚಪ್ಪಟೆಯಾಗಿರುತ್ತದೆ. ತೂಕವಲ್ಲ, ದಪ್ಪ ಅಳೆಯಿರಿ.