ಸಹಿಯಾದ ಎಪಿಎಆರ್‌ನಲ್ಲಿ ಅಂಕ ತಿದ್ದಬಹುದೇ?

ಪ್ರಶ್ನೆ:
ನಾನು ಕೇಂದ್ರ ಸರ್ಕಾರದ ಬೆಂಗಳೂರು ಕಚೇರಿಯೊಂದರಲ್ಲಿ ಗ್ರೂಪ್ ‘ಎ’ ಅಧಿಕಾರಿ. ನಮ್ಮಲ್ಲಿ ಎಪಿಎಆರ್ (ಮೇಲಧಿಕಾರಿ ಬರೆಯುವ ವಾರ್ಷಿಕ ಕಾರ್ಯನಿರ್ವಹಣಾ ಮೌಲ್ಯಮಾಪನ ವರದಿ) ಇನ್ನೂ ಕಾಗದದ ನಮೂನೆಯಲ್ಲೇ ಇದೆ. ಮೊನ್ನೆ ಕೈಸೇರಿದ ಪ್ರತಿಯಲ್ಲಿ ಕೆಲಸದ ಸಾಧನೆಗೆ 6, ವೈಯಕ್ತಿಕ ಗುಣಗಳಿಗೆ 7, ಕಾರ್ಯಸಾಮರ್ಥ್ಯಕ್ಕೆ 7 ಎಂದಿದ್ದರೂ ಒಟ್ಟು ಶ್ರೇಣಿಯನ್ನು 5.6 ಎಂದು ನಮೂದಿಸಲಾಗಿದೆ. ಈ ಮೂರಕ್ಕೆ ಕ್ರಮವಾಗಿ ಇರುವ ಶೇ 40, 30, 30ರ ತೂಕದ ಲೆಕ್ಕದಲ್ಲಿ ಅದು 6.6 ಆಗಬೇಕು. ಪರಿಶೀಲನಾಧಿಕಾರಿಯೂ ‘ಒಪ್ಪಿದೆ’ ಎಂದು ಬರೆದು ಸಹಿ ಹಾಕಿದ್ದಾರೆ. ವರದಿ ಬರೆದ ಅಧಿಕಾರಿ ಸಜ್ಜನರು; ತಪ್ಪನ್ನು ಒಪ್ಪಿಕೊಂಡು, ಅಂಕವನ್ನು ಹೊಡೆದುಹಾಕಿ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ:
ದಯವಿಟ್ಟು ಒಪ್ಪಬೇಡಿ. ಪರಿಶೀಲನೆ ಮುಗಿದು ನಿಮಗೆ ತಲುಪಿಸಿದ ವರದಿಯನ್ನು ಬರೆದವರೇ ಮತ್ತೆ ಮುಟ್ಟಿದರೆ, ಅವರ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಮುಂದೆ ಬಡ್ತಿ ಸಮಿತಿಯ ಮುಂದೆ ಅದು ತಿದ್ದಿದ ದಾಖಲೆಯಾಗಿಯೇ ಕಾಣುತ್ತದೆ. 5.6 ಎಂದರೆ ‘ಗುಡ್’, 6.6 ಎಂದರೆ ‘ವೆರಿ ಗುಡ್’. ಶ್ರೇಣಿಯೇ ಬದಲಾಗುವ ಇಂಥ ಕಡೆ ಶಾಯಿಯ ಗೆರೆಯೊಂದು ಅನುಮಾನಕ್ಕೆ ಸಾಕು. ವರದಿಯ ಶ್ರೇಣಿಯನ್ನು ನೌಕರರಿಗೆ ತಿಳಿಸಲೇಬೇಕು ಎಂದು ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ನೀಡಿದ ತೀರ್ಪಿನ ನಂತರ ಸಿಬ್ಬಂದಿ ಇಲಾಖೆ 2009ರ ಮೇ 14ರಂದು ಹೊರಡಿಸಿದ ಜ್ಞಾಪನದಲ್ಲಿ ಇದಕ್ಕೆ ದಾರಿಯಿದೆ: ಪ್ರತಿ ಕೈಸೇರಿದ 15 ದಿನಗಳೊಳಗೆ ನೀವು ಮನವಿ ಸಲ್ಲಿಸಬೇಕು, ಸಕ್ಷಮ ಪ್ರಾಧಿಕಾರವು 30 ದಿನಗಳಲ್ಲಿ ಕಾರಣಸಹಿತ ಆದೇಶ ಹೊರಡಿಸಬೇಕು. ಅವಧಿ ಮೀರಿದರೆ ನಿಮಗೆ ಹೇಳುವುದೇನೂ ಇಲ್ಲವೆಂದೇ ಪರಿಗಣಿಸಲಾಗುತ್ತದೆ. ಸಾಹೇಬರು ಮಾಡಿಕೊಡುತ್ತಾರೆಂದು ಕಾದು ಕೂತವರು ಕೈಸುಟ್ಟುಕೊಳ್ಳುವುದು ಇಲ್ಲಿಯೇ.

ಇನ್ನೊಬ್ಬರ ಉತ್ತರ:
ಮೇಲಿನ ಮಾತಿಗೆ ನನ್ನ ಸಹಮತವಿದೆ. ನಿಮ್ಮ ಅಧಿಕಾರಿಯ ಸಜ್ಜನಿಕೆ ವ್ಯರ್ಥವಾಗಬೇಕಿಲ್ಲ: ಪ್ರಾಧಿಕಾರವು ಅವರ ಅಭಿಪ್ರಾಯ ಕೇಳಿದಾಗ, ಕೂಡುವಲ್ಲಿ ತಪ್ಪಾಗಿದೆ ಎಂದು ಲಿಖಿತವಾಗಿ ತಿಳಿಸಿದರೆ ಆದೇಶ ಸುಲಭವಾಗುತ್ತದೆ. ರಾಜ್ಯ ಸರ್ಕಾರದ ನೌಕರರು ಮಾತ್ರ ಈ ಗಡುವುಗಳನ್ನು ನೆಚ್ಚಬಾರದು. ಅವರಿಗೆ ಕಾರ್ಯನಿರ್ವಹಣಾ ವರದಿಗಳ ಬಗ್ಗೆ 2000ನೇ ಇಸವಿಯ ಪ್ರತ್ಯೇಕ ನಿಯಮಗಳಿವೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕೆಲಸದ ಸಾಧನೆಗೆ ಕೊಟ್ಟ 6 ಕೂಡ ಕಡಿಮೆಯೇ ಎಂಬುದು ನನ್ನ ಭಾವನೆ. ಅದನ್ನೂ ಸೇರಿಸಲೇ?

ಮೊದಲು ಉತ್ತರಿಸಿದವರು:
ಸೇರಿಸದಿರುವುದೇ ಲೇಸೆಂದು ನನಗನ್ನಿಸುತ್ತದೆ. ಮನವಿಯು ವರದಿಯಲ್ಲಿನ ನಿರ್ದಿಷ್ಟ ವಾಸ್ತವಾಂಶಗಳಿಗೆ ಸೀಮಿತವಾಗಿರಬೇಕು. ಗುರಿ ಮುಟ್ಟಿದ್ದಕ್ಕೆ ಕಡತದಲ್ಲಿ ಪುರಾವೆಯಿದ್ದು ವರದಿಯಲ್ಲಿ ಅದು ಬಿಟ್ಟುಹೋಗಿದ್ದರೆ ಮಾತು ಬೇರೆ. ಬರೀ ಭಾವನೆಯಾದರೆ, ಯಾರೂ ಅಲ್ಲಗಳೆಯಲಾಗದ ಲೆಕ್ಕದ ತಪ್ಪಿನ ಜೊತೆ ವಾದಕ್ಕೆಡೆಯಿರುವ ದೂರನ್ನು ಬೆರೆಸಿದಂತಾಗುತ್ತದೆ. ಒಂದೇ ಪುಟದಲ್ಲಿ ಮೂರು ಅಂಕಗಳನ್ನೂ ಗುಣಾಕಾರವನ್ನೂ ಬರೆದು, ಪ್ರತಿ ನಿಮ್ಮ ಕೈಸೇರಿದ ದಿನಾಂಕವನ್ನು ನಮೂದಿಸಿ, ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿದ ಸ್ವೀಕೃತಿಯನ್ನು ಪಡೆದುಕೊಳ್ಳಿ.