ನಲವತ್ತು ಚೌಕಗಳ ಪಟ್ಟಿ: ತಪಸ್ಸು ಕಾಲದ ಕುರಿತು ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಆರಂಭವಾಗುವುದು ಬೂದಿ ಬುಧವಾರದಂದು. ಅದರ ಹಿಂದಿನ ಸಂಜೆ ಅಕ್ಕ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿಯ ಚಿತ್ರವನ್ನು ಕಳುಹಿಸಿದಳು. ಎಡಗಡೆ ಮನೆಯವರೆಲ್ಲರ ಹೆಸರು, ಮೇಲೆ ಒಂದರಿಂದ ನಲವತ್ತರವರೆಗೆ ದಿನಗಳು, ನಡುವೆ ಖಾಲಿ ಚೌಕಗಳು. ಆ ದಿನ ಬಿಟ್ಟ ಆಹಾರ, ಮಾಡಿದ ಪ್ರಾರ್ಥನೆ, ಕೊಟ್ಟ ದಾನ ಇವನ್ನು ಪ್ರತಿಯೊಬ್ಬರೂ ರಾತ್ರಿ ಗುಂಪಿನಲ್ಲಿ ತಿಳಿಸಬೇಕು, ಅವಳು ಚೌಕದಲ್ಲಿ ಗುರುತು ಹಾಕುತ್ತಾಳೆ ಎಂಬ ಸೂಚನೆಯೂ ಜೊತೆಗಿತ್ತು. ಅದರ ಮೇಲೆ ನಡೆದ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ.

ನಾನು:
ಅಕ್ಕ, ನೀನು ಇದನ್ನು ಪ್ರೀತಿಯಿಂದ ಸಿದ್ಧಪಡಿಸಿದ್ದೀಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಪಟ್ಟಿಯಲ್ಲಿ ನನ್ನ ಹೆಸರು ಬೇಡವೆಂದು ಕೇಳಿಕೊಳ್ಳುತ್ತೇನೆ. ನಾಳೆ ದೇವಾಲಯದ ಬಲಿಪೂಜೆಯಲ್ಲಿ ಓದುವ ಬೈಬಲ್ ಭಾಗ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದ್ದು. ದಾನ ಕೊಡುವಾಗ ತುತೂರಿ ಊದಿಸಬೇಡ, ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ, ಪ್ರಾರ್ಥಿಸುವಾಗ ಕೋಣೆಯ ಬಾಗಿಲು ಮುಚ್ಚಿಕೋ, ಉಪವಾಸವಿರುವಾಗ ತಲೆಗೆ ಎಣ್ಣೆ ಹಚ್ಚಿಕೊಂಡು ಮುಖ ತೊಳೆದುಕೋ ಎಂದು ಯೇಸುಸ್ವಾಮಿ ಅಲ್ಲಿ ಹೇಳುತ್ತಾರೆ. ನಿನ್ನ ಪಟ್ಟಿಯ ದಾನ, ಪ್ರಾರ್ಥನೆ, ಉಪವಾಸ ಮೂರೂ ಇದೇ ಅಧ್ಯಾಯದಿಂದ ಬಂದವು. ಆದರೆ ಆ ಮೂರಕ್ಕೂ ಅವರು ಇಟ್ಟ ಒಂದೇ ಷರತ್ತು ಪಟ್ಟಿಯಲ್ಲಿ ಉಳಿದಿಲ್ಲ. ಜನರಿಗೆ ಕಾಣಲೆಂದು ಮಾಡಿದವರು ತಮ್ಮ ಪ್ರತಿಫಲವನ್ನು ಆಗಲೇ ಪಡೆದಾಯಿತು ಎಂಬ ಮಾತನ್ನು ಪ್ರತಿ ವರ್ಷ ಕೇಳುವಾಗಲೂ ನನಗೆ ಭಯವಾಗುತ್ತದೆ. ನಾನು ರಾತ್ರಿ ಇಲ್ಲಿ ಬಂದು ವರದಿ ಒಪ್ಪಿಸಿದರೆ, ನೀವೆಲ್ಲ ಕೈಮುಗಿಯುವ ಚಿಹ್ನೆ ಕಳುಹಿಸಿದರೆ, ನನ್ನ ಉಪವಾಸದ ವ್ಯವಹಾರ ಅಲ್ಲಿಗೇ ಮುಗಿಯುತ್ತದೆ.

ಅಕ್ಕ:
ನೀನು ಅರ್ಧ ಓದಿದ್ದೀಯ. ನಾಳೆಯ ಮೊದಲ ವಾಚನ ಪ್ರವಾದಿ ಯೋವೇಲನ 2ನೇ ಅಧ್ಯಾಯ. ಅಲ್ಲಿ ತುತೂರಿ ಊದಬೇಡಿ ಎಂದಿಲ್ಲ, ಊದಿರಿ ಎಂದೇ ಇದೆ. ಉಪವಾಸವನ್ನು ಸಾರಿರಿ, ಜನರನ್ನು ಕೂಡಿಸಿರಿ, ಹಿರಿಯರನ್ನೂ ಮಕ್ಕಳನ್ನೂ ಮೊಲೆಗೂಸುಗಳನ್ನೂ ಕರೆತನ್ನಿರಿ, ಮದುಮಗನು ತನ್ನ ಕೋಣೆಯನ್ನು ಬಿಟ್ಟು ಬರಲಿ ಎಂದು ಆತ ಕರೆಯುತ್ತಾನೆ. ನಮ್ಮ ಕಥೋಲಿಕ ಧರ್ಮಸಭೆ ಈ ಎರಡು ವಾಚನಗಳನ್ನು ಒಂದೇ ದಿನ ಇಟ್ಟಿರುವಾಗ ನೀನು ಒಂದನ್ನೇ ಹಿಡಿದುಕೊಂಡು ನನ್ನನ್ನು ಫರಿಸಾಯಳನ್ನಾಗಿ, ಅಂದರೆ ತೋರಿಕೆಯ ಭಕ್ತಿಯವಳನ್ನಾಗಿ, ಮಾಡುವುದು ಸರಿಯಲ್ಲ. ಮುಖ ತೊಳೆದುಕೋ ಎಂಬ ವಾಕ್ಯವನ್ನು ಕೇಳಿದ ಸ್ವಲ್ಪ ಹೊತ್ತಿಗೆ ನಾವೆಲ್ಲರೂ ಸಾಲಾಗಿ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಳ್ಳುವುದಿಲ್ಲವೇ? ಅದನ್ನು ಬೀದಿಯಲ್ಲಿ ಎಲ್ಲರೂ ನೋಡುತ್ತಾರೆ. ಇನ್ನೊಂದು ಮಾತನ್ನು ಬಿಚ್ಚಿ ಹೇಳುತ್ತೇನೆ. ಗುಟ್ಟಾಗಿ ಮಾಡುತ್ತೇನೆ ಎನ್ನುವವರಲ್ಲಿ ಬಹಳ ಮಂದಿ ಏನನ್ನೂ ಮಾಡುವುದಿಲ್ಲ. ಮುಚ್ಚಿದ ಕೋಣೆಯ ಒಳಗೆ ಪ್ರಾರ್ಥನೆಯೂ ಇರಬಹುದು, ನಿದ್ದೆಯೂ ಇರಬಹುದು. ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುವುದಕ್ಕಲ್ಲದೆ ಕುಟುಂಬ ಇನ್ನು ಯಾವುದಕ್ಕೆ?

ಚಿಕ್ಕಪ್ಪ:
ಮಗಳೇ, ಪಟ್ಟಿಯಲ್ಲಿ ನಲವತ್ತು ದಿನ ಸರಿಯಾಗಿದೆ, ಆದರೆ ನೀನು ಭಾನುವಾರಗಳನ್ನೂ ಸೇರಿಸಿ ಎಣಿಸಿರುವುದರಿಂದ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಮೊದಲ ದಿನವಾದ ಗರಿಗಳ ಭಾನುವಾರಕ್ಕೇ ಪಟ್ಟಿ ಮುಗಿದುಹೋಗುತ್ತದೆ. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನಗಳು. ಅದರಲ್ಲಿ 6 ಭಾನುವಾರಗಳನ್ನು ಕಳೆದರೆ 40. ಭಾನುವಾರ ಪುನರುತ್ಥಾನದ ದಿನ, ಅಂದು ಉಪವಾಸವಿಲ್ಲ. ಎಷ್ಟೇ ದುಃಖದ ಕಾಲವಾದರೂ ವಾರಕ್ಕೊಮ್ಮೆ ಆ ಸಂತೋಷವನ್ನು ನೆನೆಯದೆ ಮುಂದೆ ಹೋಗಲಾಗದು ಎಂಬುದು ಇದರ ಭಾವ.

ಇನ್ನು ನಿಯಮದ ಮಾತು. ಈಗಿರುವ ಧರ್ಮಸಭೆಯ ಕಾನೂನು 1983ರದ್ದು. ಅದರಂತೆ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ ಮಾತ್ರ. 14 ತುಂಬಿದವರು ಶುಕ್ರವಾರಗಳಲ್ಲಿ ಮಾಂಸವನ್ನು ಬಿಡಬೇಕು. 1966ರಲ್ಲಿ ಪೋಪ್ ಆರನೇ ಪೌಲ್ ಜಗದ್ಗುರುಗಳು ನಿಯಮಗಳನ್ನು ಇಷ್ಟು ಸಡಿಲಿಸಿದ ಮೇಲೆ ಉಳಿದದ್ದನ್ನೆಲ್ಲ ನಮ್ಮ ಮನಸ್ಸಾಕ್ಷಿಗೆ ಬಿಡಲಾಯಿತು. ಮನಸ್ಸಾಕ್ಷಿಗೆ ಬಿಟ್ಟದ್ದನ್ನು ನಾವು ಎಷ್ಟರಮಟ್ಟಿಗೆ ನಡೆಸಿಕೊಂಡು ಬಂದಿದ್ದೇವೆ ಎಂಬುದು ನಮಗೇ ಗೊತ್ತು. ಆದ್ದರಿಂದ ನಾನು ಪಟ್ಟಿಯ ಪರ.

ಭಾವ:
ಕ್ಷಮಿಸಿ, ನಾನು ಸುಧಾರಿತ (ಪ್ರೊಟೆಸ್ಟಂಟ್) ಸಭೆಯಲ್ಲಿ ಬೆಳೆದವನು. ನನ್ನ ಹೆಸರೂ ಪಟ್ಟಿಯಲ್ಲಿರುವುದರಿಂದ ಮಾತನಾಡುತ್ತಿದ್ದೇನೆ. 1522ರ ಲೆಂಟ್, ಅಂದರೆ ತಪಸ್ಸು ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಮುದ್ರಕ ಫ್ರೋಶೌವರ್ ಅವರ ಮನೆಯಲ್ಲಿ ಕೆಲವರು ಸಾಸೇಜ್ ತಿಂದರು, ಅದು ದೊಡ್ಡ ಗಲಾಟೆಯಾಯಿತು. ಅಲ್ಲಿನ ಸುಧಾರಕ ಬೋಧಕ ಸ್ವಿಂಗ್ಲಿ ತಿಂದವರ ಪರವಾಗಿ ನಿಂತು, ಉಪವಾಸ ಮಾಡುವುದೂ ಬಿಡುವುದೂ ಕ್ರೈಸ್ತನ ಸ್ವಾತಂತ್ರ್ಯ, ಅದನ್ನು ಯಾರೂ ಆಜ್ಞೆಯಾಗಿ ಹೇರಬಾರದು ಎಂದು ಬೋಧಿಸಿದರು. ಕ್ರಿಸ್ತನ ನಲವತ್ತು ದಿನಗಳ ಉಪವಾಸ ನಾವು ಅನುಕರಿಸಲೆಂದು ಕೊಟ್ಟ ಮಾದರಿಯಲ್ಲ ಎಂದು ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ವಾದಿಸಿದರು. ನನ್ನ ರಕ್ಷಣೆ ಶಿಲುಬೆಯ ಮೇಲೆ ಮುಗಿದ ಕೆಲಸ. ಅದಕ್ಕೆ ನಾನು ಚೌಕಗಳನ್ನು ತುಂಬಿ ಏನನ್ನೂ ಸೇರಿಸಲಾರೆ. ನೀವು ಆಚರಿಸುವುದಕ್ಕೆ ನನ್ನ ಅಡ್ಡಿಯಿಲ್ಲ, ನನ್ನನ್ನು ಎಣಿಸಬೇಡಿ ಎಂದಷ್ಟೇ ಕೋರುತ್ತೇನೆ.

ಚಿಕ್ಕಪ್ಪ:
ಅಳಿಯಂದಿರೇ, ಈ ಭಿನ್ನಾಭಿಪ್ರಾಯ 1522ಕ್ಕಿಂತ ಬಹಳ ಹಳೆಯದು. ಸುಮಾರು 190ರಲ್ಲಿ ಲಿಯೋನ್ ನಗರದ ಧರ್ಮಾಧ್ಯಕ್ಷ ಸಂತ ಐರೇನಿಯಸ್ ರೋಮಿನ ಧರ್ಮಾಧ್ಯಕ್ಷ ವಿಕ್ಟರ್ ಅವರಿಗೆ ಬರೆದ ಪತ್ರದ ಒಂದು ಭಾಗ ಉಳಿದಿದೆ. ಪಾಸ್ಕ (ಈಸ್ಟರ್) ಹಬ್ಬದ ಮುಂಚೆ ಕೆಲವರು ಒಂದು ದಿನ, ಕೆಲವರು ಎರಡು ದಿನ, ಕೆಲವರು ಇನ್ನೂ ಹೆಚ್ಚು ದಿನ ಉಪವಾಸವಿರುತ್ತಾರೆ, ಹೀಗಿದ್ದರೂ ಎಲ್ಲರೂ ಸಮಾಧಾನದಿಂದ ಬಾಳಿದರು, ಉಪವಾಸದಲ್ಲಿರುವ ಈ ಭೇದವೇ ವಿಶ್ವಾಸದಲ್ಲಿರುವ ನಮ್ಮ ಐಕ್ಯವನ್ನು ದೃಢಪಡಿಸುತ್ತದೆ ಎಂದು ಅವರು ಬರೆದರು. ನಿಮ್ಮ ಹೆಸರನ್ನು ತೆಗೆಯುವುದಕ್ಕೆ ನನ್ನ ಒಪ್ಪಿಗೆಯಿದೆ. ನೀವು ಗುಂಪನ್ನು ಬಿಟ್ಟು ಹೋಗದಿದ್ದರೆ ಸಾಕು.

ಅತ್ತೆ:
ನಾನು ಇನ್ಸುಲಿನ್ ತೆಗೆದುಕೊಳ್ಳುವವಳು. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ತಲೆ ಸುತ್ತುತ್ತದೆ, ಉಪವಾಸ ಕೂಡದೆಂದು ವೈದ್ಯರೂ ಗುರುಗಳೂ ಹೇಳಿದ್ದಾರೆ. ಕೊಡುವುದಕ್ಕೆ ನನ್ನ ಕೈಯಲ್ಲಿ ಹೆಚ್ಚು ಹಣವೂ ಇಲ್ಲ. ನನ್ನ ಸಾಲು ಖಾಲಿಯಾಗಿಯೇ ಇರುತ್ತದೆ. ಅದರಿಂದ ಯಾರೂ ಬೇಸರಪಡಬೇಡಿ.

ನಾನು:
ಅತ್ತೆ, ನಿಮ್ಮ ಸಂದೇಶವನ್ನು ಓದಿದ ಮೇಲೆ ನಾನು ಹೇಳಬೇಕೆಂದಿದ್ದುದು ನನಗೇ ಸ್ಪಷ್ಟವಾಯಿತು. ಅಕ್ಕನ ವಾದದಲ್ಲಿ ತೂಕವಿದೆ, ಆದ್ದರಿಂದ ಅದಕ್ಕೆ ಮೊದಲು ಉತ್ತರಿಸುತ್ತೇನೆ.

ಯೋವೇಲನ ಕರೆ ಬಹಿರಂಗವಾದದ್ದು, ನಿಜ. ಆದರೆ ಹಾಗೆ ಕೂಡಿಬಂದ ಜನ ಏನನ್ನು ಮಾಡಿದರು ಎಂದು ನೋಡು. ಯಾಜಕರು ಪ್ರಾಂಗಣಕ್ಕೂ ಬಲಿಪೀಠಕ್ಕೂ ನಡುವೆ ನಿಂತು ಅತ್ತು, ಕರ್ತನೇ, ನಿನ್ನ ಜನರನ್ನು ಕನಿಕರಿಸು ಎಂದು ಬೇಡಬೇಕು ಎಂದು ಆತ ಹೇಳುತ್ತಾನೆ. ಅವರು ಸೇರಿದ್ದು ಬೇಡುವುದಕ್ಕೆ. ಯಾರು ಎಷ್ಟು ಹಸಿದಿದ್ದರು ಎಂದು ಅಲ್ಲಿ ಯಾರೂ ಬರೆದಿಡಲಿಲ್ಲ. ಬೂದಿಯೂ ಹಾಗೆಯೇ. ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು ಹೇಳಿ ಗುರುಗಳು ಅದನ್ನು ಹಚ್ಚುತ್ತಾರೆ. ನಾನು ಏನನ್ನು ಸಾಧಿಸಿದೆ ಎಂಬುದನ್ನು ಆ ಬೂದಿ ಯಾರಿಗೂ ತಿಳಿಸುವುದಿಲ್ಲ. ವರ್ಷವಿಡೀ ದೇವಾಲಯಕ್ಕೆ ಬಂದವನ ಹಣೆಗೂ, ಅಂದೇ ಮೊದಲ ಸಲ ಹಿಂದಿನ ಬೆಂಚಿನಲ್ಲಿ ಬಂದು ಕೂತವನ ಹಣೆಗೂ ಬೀಳುವುದು ಒಂದೇ ಬೂದಿ. ಅದು ನಮ್ಮೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ನಿನ್ನ ಪಟ್ಟಿ ತುಂಬಿದ ಸಾಲು, ಖಾಲಿ ಸಾಲು ಎಂದು ನಮ್ಮನ್ನು ಬೇರೆ ಮಾಡುತ್ತದೆ, ಮತ್ತು ಆ ಖಾಲಿ ಸಾಲು ಅತ್ತೆಯ ಹೆಸರಿನ ಮುಂದೆಯೇ ಬಂದು ಬೀಳುತ್ತದೆ. ಅದನ್ನು ನೋಡಿಕೊಂಡು ನಾನು ನನ್ನ ಚೌಕದಲ್ಲಿ ಗುರುತು ಹಾಕಿಸಿಕೊಳ್ಳಲಾರೆ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ, ಸಂಪಾದನೆಯಲ್ಲೆಲ್ಲ ದಶಮಾಂಶ ಕೊಡುತ್ತೇನೆ ಎಂದು ಲೂಕನ 18ನೇ ಅಧ್ಯಾಯದ ಫರಿಸಾಯನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನಾನು ಈ ಸುಂಕದವನ ಹಾಗಲ್ಲ ಎಂದು ಅವನು ಪಕ್ಕಕ್ಕೆ ನೋಡಿದ, ಅಷ್ಟರಲ್ಲೇ ಎಲ್ಲವೂ ಕೆಟ್ಟಿತು. ನೀನು ಫರಿಸಾಯಳೆಂದು ನಾನು ಹೇಳುತ್ತಿಲ್ಲ, ಅಕ್ಕ. ಈ ಪಟ್ಟಿ ನಮ್ಮಲ್ಲಿ ಪ್ರತಿಯೊಬ್ಬರನ್ನೂ ಪ್ರತಿ ರಾತ್ರಿ ಪಕ್ಕಕ್ಕೆ ನೋಡುವಂತೆ ಮಾಡುತ್ತದೆ ಎನ್ನುತ್ತಿದ್ದೇನೆ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ವಿಷಯ. ತಪಸ್ಸು ಕಾಲದ ಮೊದಲ ಭಾನುವಾರ ಯೇಸುಸ್ವಾಮಿಯ ಶೋಧನೆಯ, ಅಂದರೆ ಅರಣ್ಯದಲ್ಲಿ ಸೈತಾನನು ಅವರನ್ನು ಪರೀಕ್ಷಿಸಿದ, ಭಾಗವನ್ನು ಓದುತ್ತಾರೆ. ಮತ್ತಾಯನ ಶುಭಸಂದೇಶದಲ್ಲಿ ಅದಕ್ಕೆ ಸ್ವಲ್ಪ ಮೇಲೆ, 3ನೇ ಅಧ್ಯಾಯದ ಕೊನೆಯಲ್ಲಿ, ಅವರ ದೀಕ್ಷಾಸ್ನಾನವಾದ ಕೂಡಲೇ, ಈತನು ನನ್ನ ಪ್ರಿಯ ಪುತ್ರ, ಈತನನ್ನು ಮೆಚ್ಚಿದ್ದೇನೆ ಎಂಬ ವಾಣಿ ಸ್ವರ್ಗದಿಂದ ಕೇಳಿಬರುತ್ತದೆ. ಆಗ ಅವರು ಇನ್ನೂ ಒಂದು ದಿನವೂ ಉಪವಾಸ ಮಾಡಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿಲ್ಲ. ಮೆಚ್ಚುಗೆ ಮೊದಲು ಬಂತು, ಅರಣ್ಯ ಆಮೇಲೆ ಬಂತು. ಅರಣ್ಯದಲ್ಲಿ ಶೋಧಕನು ಬಾಯಿ ತೆರೆದ ಕೂಡಲೇ ಕೇಳಿದ್ದು, ನೀನು ದೇವರ ಪುತ್ರನಾದರೆ ಈ ಕಲ್ಲುಗಳಿಗೆ ರೊಟ್ಟಿಯಾಗುವಂತೆ ಹೇಳು ಎಂದು. ತಂದೆ ಆಗಲೇ ಹೇಳಿಬಿಟ್ಟದ್ದಕ್ಕೆ ಅವನು ರುಜುವಾತು ಕೇಳಿದ. ಎರಡನೆಯ ಸಲ ದೇವಾಲಯದ ತುದಿಗೆ ಕರೆದೊಯ್ದು, ನೀನು ದೇವರ ಪುತ್ರನಾದರೆ ಕೆಳಕ್ಕೆ ಧುಮುಕು ಎಂದ. ಯೇಸು ಎರಡನ್ನೂ ಮಾಡಲಿಲ್ಲ. ಪ್ರಿಯ ಪುತ್ರನೆಂದು ಒಮ್ಮೆ ಕೇಳಿಸಿಕೊಂಡವರಿಗೆ ಅದನ್ನು ಮತ್ತೆ ಸಾಧಿಸಿ ತೋರಿಸುವ ಅಗತ್ಯವಿರಲಿಲ್ಲ.

ಹೋರೇಬ್ ಬೆಟ್ಟಕ್ಕೆ ನಲವತ್ತು ಹಗಲು ನಲವತ್ತು ಇರುಳು ನಡೆದ ಪ್ರವಾದಿ ಎಲೀಯನ ಕಥೆಯಲ್ಲೂ ಇದೇ ಕ್ರಮವನ್ನು ನಾನು ಕಾಣುತ್ತೇನೆ. ಹೊರಡುವ ಮುಂಚೆ ಆತ ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಗಿಡದ ಕೆಳಗೆ ಮಲಗಿದ್ದ. ದೂತನು ಎರಡು ಸಲ ತಟ್ಟಿ ಎಬ್ಬಿಸಿ ಊಟ ಕೊಟ್ಟ. ಆ ಊಟದ ಬಲದಿಂದ ಆತ ನಡೆದ. ನನ್ನ ತಪಸ್ಸು ಕಾಲವನ್ನು ಎಷ್ಟೋ ವರ್ಷ ನಾನು ದೇವರಿಗೆ ಸಲ್ಲಿಸಬೇಕಾದ ಕಂತು ಎಂದೇ ನಡೆಸಿದೆ. ಈಗ ಅದನ್ನು ಕೊಟ್ಟದ್ದರ ಬಲದಿಂದ ನಡೆಯುವ ನಡಿಗೆ ಎಂದು ಅರ್ಥಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದೇನೆ. ಇಷ್ಟರಮಟ್ಟಿಗೆ ಭಾವನವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಭಾವ, ಆ ಮನೆಯಲ್ಲಿದ್ದ ಸ್ವಿಂಗ್ಲಿ ತಾವು ಮಾತ್ರ ಸಾಸೇಜ್ ತಿನ್ನಲಿಲ್ಲ. ಸ್ವಾತಂತ್ರ್ಯವಿದೆಯೆಂದು ತಿನ್ನಲೇಬೇಕೆಂದಿಲ್ಲ. ರಕ್ಷಣೆ ಮುಗಿದ ಕೆಲಸವಾದರೂ ನನ್ನ ಹೃದಯ ಮುಗಿದ ಕೆಲಸವಲ್ಲ. ಹಸಿವಾದಾಗ ನಾನು ಎಷ್ಟು ಬೇಗ ಸಿಡುಕುತ್ತೇನೆ, ಎಷ್ಟು ಸಣ್ಣ ಸುಖಕ್ಕೆ ಅಂಟಿಕೊಂಡಿದ್ದೇನೆ ಎಂಬುದನ್ನು ಉಪವಾಸ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ತೋರಿಸಿದ ಮೇಲೆ ಬೇಡಿಕೊಳ್ಳುವುದಕ್ಕೆ ನನಗೆ ನಿಜವಾದ ಕಾರಣವೊಂದು ಸಿಗುತ್ತದೆ.

ಭಾವ:
ಈ ಅರ್ಥದಲ್ಲಿ ಉಪವಾಸವನ್ನು ನಾನೂ ನಿರಾಕರಿಸುವುದಿಲ್ಲ. ನಮ್ಮ ಸಭೆಯಲ್ಲೂ ಕಷ್ಟದ ಸಮಯದಲ್ಲಿ ಉಪವಾಸ ಪ್ರಾರ್ಥನೆ ಇಟ್ಟುಕೊಳ್ಳುತ್ತೇವೆ. ಕ್ಯಾಲೆಂಡರು ಹೇಳಿದ ದಿನವೇ ನನ್ನ ಹೃದಯ ಪಶ್ಚಾತ್ತಾಪಪಡಬೇಕು ಎಂಬುದನ್ನು ಮಾತ್ರ ಒಪ್ಪಲಾರೆ.

ಅಕ್ಕ:
ಕ್ಯಾಲೆಂಡರು ಹೇಳದಿದ್ದರೆ ನನ್ನ ಹೃದಯ ಯಾವ ದಿನವೂ ಪಶ್ಚಾತ್ತಾಪಪಡುವುದಿಲ್ಲ, ಅದೇ ನನ್ನ ಕಷ್ಟ. ಅತ್ತೆ, ನಿಮ್ಮ ಸಾಲು ಖಾಲಿಯಾಗಿ ಕಾಣುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಆ ಚಿತ್ರವನ್ನು ಈಗಲೇ ಅಳಿಸುತ್ತೇನೆ. ಆದರೆ ಕುಟುಂಬವಾಗಿ ಏನನ್ನೂ ಮಾಡದೆ ಅವರವರ ಕೋಣೆಗೆ ಹೋಗೋಣ ಎಂಬುದಕ್ಕೆ ನಾನು ಒಪ್ಪುವುದಿಲ್ಲ. ತಮ್ಮ, ನೀನು ಯೋವೇಲನ ಜನ ಬೇಡಲು ಕೂಡಿದರು ಎಂದೆಯಲ್ಲ, ಹಾಗಾದರೆ ನಾವೂ ಬೇಡಲು ಕೂಡೋಣ. ಪ್ರತಿ ರಾತ್ರಿ ಬೈಬಲಿನ ಪಶ್ಚಾತ್ತಾಪದ ಕೀರ್ತನೆಯಾದ 51ನೇ ಕೀರ್ತನೆಯನ್ನು ಅವರವರ ಮನೆಯಲ್ಲಿ ಒಂದೇ ಹೊತ್ತಿಗೆ ಓದೋಣ. ಗುಂಪಿನಲ್ಲಿ ಯಾರಿಗಾಗಿ ಪ್ರಾರ್ಥಿಸಬೇಕು ಎಂಬುದನ್ನು ಮಾತ್ರ ಬರೆಯೋಣ. ಯಾರು ಏನನ್ನು ಬಿಟ್ಟರು ಎಂಬುದು ಬೇಡ.

ಚಿಕ್ಕಪ್ಪ:
ಇದು ಚೆನ್ನಾಗಿದೆ. ಆದರೂ ಚಿಕ್ಕವರಿಗೆ ಹೇಳಿಕೊಡುವವರು ಬೇಕು, ಆ ಮಾತಿನಲ್ಲಿ ನಾನು ಬದಲಾಗುವುದಿಲ್ಲ. ವಯಸ್ಸು ಬಾರದ ಮಕ್ಕಳಿಗೂ ತಪಸ್ಸಿನ ನಿಜವಾದ ಅರ್ಥವನ್ನು ತಂದೆತಾಯಂದಿರು ಕಲಿಸಬೇಕೆಂದು ಅದೇ 1983ರ ಕಾನೂನಿನಲ್ಲಿದೆ. ಗುಟ್ಟು ಗುಟ್ಟು ಎಂದು ನಾವೆಲ್ಲ ಬಾಯಿ ಮುಚ್ಚಿಕೊಂಡರೆ ಅವರು ಯಾರನ್ನು ನೋಡಿ ಕಲಿಯಬೇಕು?

ನಾನು:
ಚಿಕ್ಕಪ್ಪ, ಇದಕ್ಕೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಒಂದನ್ನು ಮಾತ್ರ ಹೇಳಬಲ್ಲೆ. 387ರಲ್ಲಿ, ತಪಸ್ಸು ಕಾಲದ ಹೊತ್ತಿಗೆ, ಅಂತಿಯೋಕ್ಯ ನಗರದ ಜನ ತೆರಿಗೆಯ ಸಿಟ್ಟಿನಿಂದ ಚಕ್ರವರ್ತಿಯ ಪ್ರತಿಮೆಗಳನ್ನು ಉರುಳಿಸಿ, ಶಿಕ್ಷೆಗೆ ಹೆದರಿ ನಡುಗುತ್ತಿದ್ದಾಗ ಸಂತ ಯೊವಾನ್ನ ಕ್ರಿಸೋಸ್ತೊಮರು ಅವರಿಗೆ ಬೋಧಿಸಿದರು. ಬಾಯಿ ಮಾತ್ರವಲ್ಲ, ಕಣ್ಣು, ಕಿವಿ, ಕೈ, ಕಾಲುಗಳೂ ಉಪವಾಸವಿರಲಿ. ಹಕ್ಕಿ ಮೀನುಗಳನ್ನು ಬಿಟ್ಟು ಸಹೋದರರನ್ನು ಕಚ್ಚಿ ತಿಂದರೆ ಏನು ಲಾಭ ಎಂದು ಕೇಳಿದರು. ನಾವು ಊಟ ಬಿಟ್ಟದ್ದನ್ನು ಮಕ್ಕಳು ನೋಡಿ ಕಲಿಯಬೇಕಾಗಿಲ್ಲ, ಆದರೆ ನಾವು ಈ ಗುಂಪಿನಲ್ಲಿ ಒಬ್ಬರ ಬಗ್ಗೆ ಒಬ್ಬರು ಹೇಗೆ ಮಾತನಾಡುತ್ತೇವೆ, ಜಗಳವಾಡಿದವರ ಮನೆಗೆ ಮೊದಲು ಯಾರು ಹೋಗುತ್ತೇವೆ ಎಂಬುದನ್ನು ಅವರು ಖಂಡಿತ ನೋಡುತ್ತಾರೆ. ಅದನ್ನು ಬಚ್ಚಿಡುವುದಕ್ಕೂ ಆಗುವುದಿಲ್ಲ. ಉಳಿದದ್ದನ್ನು ನೀವು ಅವರನ್ನು ಕೂರಿಸಿಕೊಂಡು ಹೇಳಿಕೊಡಿ, ನಿಮಗಿಂತ ಚೆನ್ನಾಗಿ ಹೇಳುವವರು ನಮ್ಮಲ್ಲಿಲ್ಲ.

ಅತ್ತೆ:
ಕೀರ್ತನೆ ರಾತ್ರಿ ಎಷ್ಟು ಗಂಟೆಗೆ ಎಂದು ತಿಳಿಸಿ. ಪ್ರಾರ್ಥನೆಗೆ ನನ್ನ ಬಳಿ ಹತ್ತಾರು ಹೆಸರುಗಳಿವೆ, ಎಲ್ಲವನ್ನೂ ಬರೆಯಬಹುದೇ?

ಅಕ್ಕ:
ಎಂಟೂವರೆಗೆ, ಅತ್ತೆ. ಎಲ್ಲವನ್ನೂ ಬರೆಯಿರಿ.